ಘಡಿ ಮುರಿದ ರೇಷ್ಮೆ, ವಾಪಸ್ ಬರಬೇಕಾದ ತೆರಿಗೆ

ಕಲಬುರಗಿಯ ಟೂರಿನವರ ಜೊತೆ ನಾವು ಮೂವರು ಬ್ಯಾಂಕಾಕಿಗೆ ಹೋಗಿದ್ದೆವು. ವಾಡಿಯಿಂದ ನಾನು, ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿರುವ ನಮ್ಮ ಯಜಮಾನರು, ಚಿತ್ತಾಪುರದಿಂದ ನಮ್ಮ ನೆಗೆಣ್ಣಿ. ಆಕೆ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ, ಇವರು ವೈನಿ ಅನ್ನುತ್ತಾರೆ. ಭಾವನವರು ವಿಮಾನ ಹತ್ತಲು ಹೆದರಿ ಹಿಂದೆ ಸರಿದದ್ದರಿಂದ ಅವರ ಜಾಗದಲ್ಲಿ ಅಕ್ಕ ಬಂದಿದ್ದಳು.

ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳನ್ನು ಸೇಡಂಗೆ ಕೊಡುವುದು ನಿಶ್ಚಯವಾಗಿತ್ತು. ಬ್ಯಾಂಕಾಕಿನ ಅಂಗಡಿಯೊಂದರಲ್ಲಿ ತಿಳಿಗುಲಾಬಿ ರೇಷ್ಮೆಯ ಥಾನೊಂದನ್ನು ಬೆಳಕಿಗೆ ಹಿಡಿದು, ಬೆರಳ ನಡುವೆ ಉಜ್ಜಿ, ಮೂಗಿಗೂ ಹಿಡಿದು ನೋಡಿ, ಒಂದು ಸೀರೆಯಾಗುವಷ್ಟು ಕತ್ತರಿಸಿಕೊಂಡಳು. ಅಂಗಡಿಯವಳು ಪಾಸ್‌ಪೋರ್ಟ್ ಕೇಳಿ ರಸೀದಿಯ ಜೊತೆ ಒಂದು ಫಾರಂ ತುಂಬಿ ಕೊಟ್ಟಳು. ಇದೇನೆಂದು ನಮಗೆ ತಿಳಿಯಲಿಲ್ಲ. ಟೂರಿನ ಮ್ಯಾನೇಜರ್ ಬಿಡಿಸಿ ಹೇಳಿದರು: "ಹೊರಗಿನ ದೇಶದವ್ರಿಗೆ ಇಲ್ಲಿನ ತೆರಿಗಿ ವಾಪಸ್ ಕೊಡ್ತಾರ್ರಿ. ಏರ್‌ಪೋರ್ಟಿನ್ಯಾಗ ಮಾಲು ತೋರ್ಸಿ ಫಾರಂ ಮ್ಯಾಲ ಸಿಕ್ಕಾ ಹೊಡಿಸ್ಕೋಬೇಕು. ಒಳಗ ಹೋದಮ್ಯಾಲ ರೊಕ್ಕ ಕೈಗೇ ಕೊಡ್ತಾರ."

ಅಕ್ಕ ಅಲ್ಲೇ ನಿಂತು ತೀರ್ಮಾನ ಮಾಡಿದಳು. "ರೇಷ್ಮಿ ರೊಕ್ಕ ನಿಮ್ಮ ಭಾವಂದು. ವಾಪಸ್ ಬರೋದು ನಂದು. ಅದಕ್ಕ ಯಾರೂ ಲೆಕ್ಕ ಕೇಳಬಾರ್ದು."

ನಗುತ್ತಲೇ ಹೇಳಿದಳು, ಆದರೆ ನನಗೆ ನಗು ಬರಲಿಲ್ಲ. ಆಕೆಯ ಹೊಲಿಗೆಯ ದುಡಿಮೆ ಮಕ್ಕಳ ಫೀಸಿಗೆ, ಗ್ಯಾಸಿಗೆ, ಬಂದ ನೆಂಟರ ಕೈಗಿಡುವ ಜಂಪರ್ ಪೀಸಿಗೆ ಹೋಗುತ್ತದೆ. ಇದು ನನಗಾಗಿ ಎಂದು ಆಕೆ ಏನನ್ನಾದರೂ ಕೊಂಡದ್ದನ್ನು ನಾನು ಕಂಡಿಲ್ಲ.

ಆ ಸಂಜೆ ಹೋಟೆಲಿನಲ್ಲಿ ಅಕ್ಕ ರೇಷ್ಮೆ ಹೊರತೆಗೆದಳು. ನಮ್ಮಲ್ಲಿ ಮದುಮಗಳಿಗೆಂದು ತಂದ ಬಟ್ಟೆಯನ್ನು ಮೊದಲು ಮನೆಯ ಮುತ್ತೈದೆಯೊಬ್ಬಳು ಮೈಮೇಲೆ ಹಾಕಿಕೊಂಡು ಮಡಿಕೆ ಬಿಡಿಸಬೇಕು. ಘಡಿ ಮುರಿಯುವುದು ಅನ್ನುತ್ತೇವೆ. "ಊರಿಗೆ ಹೋದ್ರ ನಾನು ತಾನು ಅಂತ ಎಲ್ಲಾರೂ ಬರ್ತಾರ. ನೀನೇ ಮುರಿ ತಂಗಿ, ನಿನ್ನ ಕೈಗುಣ ಚಲೋ ಅದ" ಎಂದು ನನ್ನ ಹೆಗಲಿಗೆ ಹೊದಿಸಿದಳು. ಪರ್ಸಿನಲ್ಲಿದ್ದ ಅರಿಶಿಣವನ್ನು ನೀರಿನಲ್ಲಿ ಕಲಸಿ ನಾಲ್ಕೂ ಮೂಲೆಗೆ ಬೊಟ್ಟಿಟ್ಟಳು. ನಾನು ಕನ್ನಡಿಯ ಮುಂದೆ ಹೋಗಿ ನಿಂತು ಸುಖಪಟ್ಟೆ.

ಮರುದಿನ ಏರ್‌ಪೋರ್ಟಿಗೆ ಹೊರಟಾಗ ಬಸ್ಸಿನಲ್ಲಿ ಮ್ಯಾನೇಜರ್ ಎದ್ದು ನಿಂತು ಹೇಳಿದರು: "ತೆರಿಗಿ ಫಾರಂ ಇದ್ದವ್ರು ಬ್ಯಾಗ್ ಒಳಗ ಕೊಡೋಕಿಂತ ಮೊದಲ ಮಾಲು ತೋರ್ಸ್ರಿ. ಒಂದ್ ಸಲ ಬಳಸಿದ್ದು ಕಂಡ್ರೂ ಸಿಕ್ಕಾ ಹೊಡಿಯಂಗಿಲ್ಲ, ನೆನಪಿಡ್ರಿ."

ಅಕ್ಕನ ಕೈ ನನ್ನ ಮೊಣಕಾಲ ಮೇಲೆ ಬಿತ್ತು.

"ಯಾರಿಗ್ ಗೊತ್ತಾಗ್ತದ ವೈನಿ? ಮೂಲಿ ಒಳಗ ಹೋಗಂಗ ಮಡಚಿ ಇಡ್ರಿ" ಅಂದರು ನಮ್ಮ ಯಜಮಾನರು.

"ಇಷ್ಟ್ ವರ್ಷ ಟಿಕೀಟ್ ನೋಡೀರಿ. ಮಡಚಿ ತೋರ್ಸಿದವ್ರನ್ನ ಒಬ್ರನ್ನಾರ ಬಿಟ್ಟೀರೇನು?" ಅಂದೆ ನಾನು. ಅವರು ಕಿಟಕಿಯ ಕಡೆ ತಿರುಗಿದರು.

ತಪಾಸಣೆಯ ಕೌಂಟರಿನಲ್ಲಿ ನಮ್ಮ ವಯಸ್ಸಿನದೇ ಒಬ್ಬ ಹೆಣ್ಣುಮಗಳು ಯೂನಿಫಾರ್ಮಿನಲ್ಲಿ ಕೂತಿದ್ದರು. ಸೂಟ್‌ಕೇಸು ತೆರೆದರೆ ಮೇಲೆಯೇ ಉಳಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ. ಅವನ್ನು ಸರಿಸಿ ರೇಷ್ಮೆ ಕೊಟ್ಟೆವು. ಆಕೆ ಮಡಿಕೆ ಬಿಡಿಸಿದರು. ಮೊದಲ ಮೂಲೆಯಲ್ಲೇ ಹಳದಿ ಬೊಟ್ಟು.

"ಯೂಸ್ಡ್?"

"ನೋ, ನೋ" ಎಂದು ಯಜಮಾನರು ಶುರು ಮಾಡುವಷ್ಟರಲ್ಲಿ ಅಕ್ಕ ಅವರ ತೋಳು ಹಿಡಿದಳು. "ಸುಳ್ಳ್ ಹೇಳಬ್ಯಾಡ್ರಿ ಮೈದುನರ. ನನ್ನ ಮಗಳ ಮದುವಿ ಬಟ್ಟಿ ಅದು. ಹೋದ್ರ ರೊಕ್ಕ ಹೋಗ್ಲಿ. ತಂಗಿ, ಇದ್ದದ್ದು ಇದ್ದಂಗ ಹೇಳು." ಹೋಗಲಿ ಅನ್ನುವಾಗ ಆಕೆಯ ದನಿ ಸಣ್ಣದಾಯಿತು.

ನನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಮಗಳ ಮದುವೆ, ಹೊಸ ಬಟ್ಟೆ, ಒಂದೇ ಸಲ ಹೆಗಲ ಮೇಲೆ, ಇದು ಅರಿಶಿಣ, ಒಳ್ಳೆಯದಾಗಲಿ ಅಂತ. ಕೊನೆಯದಕ್ಕೆ ಇಂಗ್ಲಿಷ್ ಸಿಗದೆ ಎರಡೂ ಕೈ ಎತ್ತಿ ಅಕ್ಕನ ತಲೆಯ ಮೇಲಿಟ್ಟು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು.

ಕೌಂಟರಿನ ಹೆಣ್ಣುಮಗಳು ಬೊಟ್ಟನ್ನು ಮುಟ್ಟಿದರು. ಮೂಸಿ ನೋಡಿದರು. ಆಮೇಲೆ ತಮ್ಮ ಬೆರಳನ್ನು ಗಾಳಿಯಲ್ಲಿ ಮೂರು ಸಲ ಒತ್ತಿ, "ನ್ಯೂ ಕಾರ್, ಸೇಮ್" ಅಂದು ನಕ್ಕರು. ಅವರ ಕಡೆ ಹೊಸ ಕಾರು ಕೊಂಡರೆ ಭಿಕ್ಷುಗಳು ಒಳಗಡೆ ಬಿಳಿ ಬೊಟ್ಟಿಟ್ಟು ಹರಸುತ್ತಾರಂತೆ, ಮ್ಯಾನೇಜರ್ ಮುಂದೆ ಹೇಳಿದರು. ರೇಷ್ಮೆಯ ಉಳಿದ ಮೂಲೆಗಳನ್ನೂ, ಅಂಚನ್ನೂ ನೋಡಿದರು. ಕತ್ತರಿಸಿದ್ದು ಹಾಗೇ ಇತ್ತು, ಹೊಲಿದಿರಲಿಲ್ಲ, ಒಗೆದಿರಲಿಲ್ಲ. ಟಪ್ ಎಂದು ಸಿಕ್ಕಾ ಬಿತ್ತು.

ಅಕ್ಕ ಫಾರಮನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಭಾಳ ಚಲೋ ಆಯ್ತವ್ವ, ನಿನ್ನ ಹೊಟ್ಟಿ ತಣ್ಣಗಿರ್ಲಿ" ಅಂದಳು. ಕೌಂಟರಿನವರಿಗೆ ಏನು ತಿಳಿಯಿತೋ, ಅವರೂ ಕೈ ಮುಗಿದರು. ನಾನು ರೊಟ್ಟಿಗಳನ್ನು ಸೂಟ್‌ಕೇಸಿನೊಳಗೆ ಜೋಡಿಸಿದೆ.

ಒಳಗಿನ ಕೌಂಟರಿನಲ್ಲಿ ಅಕ್ಕನ ಕೈಗೆ ಅಲ್ಲಿನ ನೋಟು ಬಂದವು. ದೊಡ್ಡ ಮೊತ್ತವೇನಲ್ಲ. ರೂಪಾಯಿ ಮಾಡಿಸಿಕೊಳ್ಳುವ ಜಾಗ ತೋರಿಸೋಣವೆಂದು ಹಿಂತಿರುಗಿ ನೋಡಿದರೆ ಆಕೆ ಇಲ್ಲ. ನಮ್ಮ ಗೇಟಿನ ಹಾದಿಯಲ್ಲಿ ಕಾಲು ಒತ್ತುವ ಅಂಗಡಿಯೊಂದಿತ್ತು. ಅಲ್ಲಿ ದೊಡ್ಡ ಕುರ್ಚಿಯಲ್ಲಿ ಒರಗಿ, ಸೀರೆಯ ನಿರಿಗೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ವರ್ಷಗಟ್ಟಲೆ ಮಿಷಿನ್ನಿನ ಪೆಡಲು ತುಳಿದ ಪಾದವನ್ನು ಒಬ್ಬಳ ಕೈಗೆ ಕೊಟ್ಟು ಕಣ್ಣು ಮುಚ್ಚಿದ್ದಳು.

"ವೈನಿ, ಗೇಟ್ ಮುಚ್ಚತಾರ!" ಯಜಮಾನರಿಗೆ ರೈಲಿನವರ ಗಡಿಬಿಡಿ.

ಅಕ್ಕ ಕಣ್ಣು ತೆರೆಯಲಿಲ್ಲ.

"ಬಲಗಾಲು ಆಗ್ಯದ. ಎಡಗಾಲು ಬಾಕಿ ಅದ. ಕುಂದ್ರಿ ಸುಮ್ಮನ."