ರಾಣಿ ಕುದುರೆ ಕಟ್ಟಿದ ಕಲ್ಲು

ಎಸ್ಸೆಸ್ಸೆಲ್ಸಿಯಲ್ಲಿ ನಾನು ಸಮಾಜ ವಿಜ್ಞಾನ ಪಾಸಾದದ್ದು ಬುದ್ಧಿಯಿಂದಲ್ಲ, ಪೇಪರು ತಿದ್ದಿದವರ ಕರುಣೆಯಿಂದ. ಭೂಪಟದಲ್ಲಿ ಕಲ್ಕತ್ತೆಯನ್ನು ಗುರುತಿಸಿ ಎಂದರೆ ಅದನ್ನು ಅರಬ್ಬಿ ಸಮುದ್ರದಲ್ಲಿ ಮುಳುಗಿಸಿ ಬಂದವನು ನಾನು. ಅಂಥವನನ್ನು ಕಳೆದ ವರ್ಷ ನಮ್ಮೂರ ಹೈಸ್ಕೂಲಿನ ಸಮಾಜದ ಟೀಚರ್ ಮನೆಗೇ ಬಂದು 'ಸಂಪನ್ಮೂಲ ವ್ಯಕ್ತಿ' ಎಂದು ಕರೆದರು.

ಟೀಚರ್ ಇನ್ನೂ ಸಣ್ಣ ಪ್ರಾಯದವರು, ಪಾಠವನ್ನು ಪುಸ್ತಕದಿಂದ ಹೊರಗೆ ತರಬೇಕೆಂಬ ಉಮೇದಿನವರು. ಮಕ್ಕಳನ್ನು ಊರಿನಲ್ಲಿ ನಡೆಸಿಕೊಂಡು ಹೋಗಿ, ಹಿರಿಯರ ಬಾಯಿಂದ ಊರಿನ ಚರಿತ್ರೆ ಕೇಳಿಸಿ, ಅದರ ಮೇಲೆ ಚಾರ್ಟು ಮಾಡಿಸುವುದು ಅವರ ಯೋಜನೆ.

"ನೀವು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಕಾಲದ್ದನ್ನು ಹೇಳಿ ಅಂಕಲ್. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು, ಎಂತ ಹೊತ್ತುಕೊಂಡು ಬರುತ್ತಿದ್ದರು, ಅಷ್ಟು ಸಾಕು."

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: "ಅಷ್ಟರಲ್ಲಿ ನಿಲ್ಲಿಸ್ಲಿಕ್ಕೆ ಹೇಳಿ ಟೀಚರೇ. ಇವರಿಗೆ ಬೆಲ್ ಹೊಡೆಯುವವರು ಯಾರೂ ಇಲ್ಲ ಈಗ."

ಟೀಚರ್ ನಕ್ಕರು. ನನಗೆ ಮಾತ್ರ ಒಳಗೊಳಗೇ ಬೇಸರವಾಯಿತು. ಹೀರೆಕಾಯಿಯ ಗೋಣಿ, ಕೋಳಿಯ ಬುಟ್ಟಿ, ಚಿಲ್ಲರೆಗಾಗಿ ಜಗಳ, ಇದೂ ಒಂದು ಚರಿತ್ರೆಯೇ? ಚರಿತ್ರೆ ಎಂದರೆ ರಾಜ ಬೇಕು, ಯುದ್ಧ ಬೇಕು, ಕಡೆಗೆ ಒಂದು ಕುದುರೆಯಾದರೂ ಬೇಕು ಎಂದು ನಾನು ತಿಳಿದಿದ್ದೆ.

ಮಕ್ಕಳ ಜೊತೆ ಹೊರಟ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಹಳೆಯ ಕಟ್ಟೆ, ಹಳೆಯ ಅಂಗಡಿಯ ಜಾಗ ಎಲ್ಲ ತೋರಿಸುವಷ್ಟರಲ್ಲಿ ಅರ್ಧ ಮಕ್ಕಳು ಆಕಳಿಸತೊಡಗಿದರು. ಹಾಗೆ ನಡೆಯುತ್ತ ನನ್ನ ನೆರೆಮನೆಯ ಓಣಿಯ ಬಾಯಿಗೆ ಬಂದೆವು. ಅಲ್ಲಿ ಎದೆಮಟ್ಟದ ಒಂದು ಕಲ್ಲುಕಂಬ ನಿಂತಿತ್ತು, ಅದರಲ್ಲಿ ಮೂರು ತೂತುಗಳು.

"ಅಜ್ಜ, ಈ ತೂತು ಎಂತಕ್ಕೆ?" ಎಂದು ಒಬ್ಬಳು ಹುಡುಗಿ ಕೇಳಿದಳು.

ನನಗೆ ಚೆನ್ನಾಗಿ ಗೊತ್ತಿತ್ತು. ಅದು ಉಣುಗೋಲಿನ ಕಲ್ಲು. ಎದುರುಬದುರು ಎರಡು ಕಂಬ ನೆಟ್ಟು, ತೂತುಗಳಿಗೆ ಬಿದಿರಿನ ಗಳು ತೂರಿಸಿದರೆ ದನ ಒಳಗೆ ಬರುವುದಿಲ್ಲ. ಗೇಟಿನ ಹಳೆಯ ಅವತಾರ, ಅಷ್ಟೇ. ಇದರ ಜೋಡಿ ಕಂಬ ನನ್ನ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಮಲಗಿದೆ. ಆದರೆ ಆಕಳಿಸುವ ಮಕ್ಕಳ ಮುಂದೆ ದನದ ಮಾತೆತ್ತಲು ಮನಸ್ಸು ಬರಲಿಲ್ಲ.

"ಇದು ರಾಣಿ ಕುದುರೆ ಕಟ್ಟಿದ ಕಲ್ಲು" ಎಂದೆ.

ಆಕಳಿಕೆ ನಿಂತಿತು. ಅಲ್ಲಿಗೆ ನಾನೂ ನಿಲ್ಲಬೇಕಿತ್ತು. ಆದರೆ ಬಸ್ಸು ಇಳಿಜಾರಿಗೆ ಬಿದ್ದಿತ್ತು. ಮೂಡುಬಿದಿರೆಯಿಂದ ಹೊರಟ ರಾಣಿ ವೇಣೂರಿನಲ್ಲಿ ನೀರು ಕುಡಿದಳು, ಗುರುವಾಯನಕೆರೆಯಲ್ಲಿ ತಿರುಗಿದಳು, ಪುಂಜಾಲಕಟ್ಟೆ ದಾಟಿ ಇಲ್ಲಿ ದಣಿವಾರಿಸಿಕೊಂಡಳು, ಮತ್ತೆ ಬಂಟ್ವಾಳ, ಮೆಲ್ಕಾರ್ ಆಗಿ ಮಾಣಿಗೆ ಹೋದಳು. ರಾಣಿಗೆ ಮಾಣಿಯಲ್ಲಿ ಎಂತ ಕೆಲಸವಿತ್ತೋ ನನಗೆ ಗೊತ್ತಿಲ್ಲ. ನನ್ನ ಡ್ಯೂಟಿ ಮುಗಿಯುತ್ತಿದ್ದದ್ದು ಅಲ್ಲಿ.

"ಸಿದ್ಧಕಟ್ಟೆಯಾಗಿ ಹೋದರೆ ಹತ್ತಿರ ಅಲ್ವಾ ಅಜ್ಜ?" ಅದೇ ಹುಡುಗಿ.

"ಆಗ ಆ ರೂಟು ಇರಲಿಲ್ಲ."

"ಮತ್ತೆ ಈ ಕೆಳಗಿನ ತೂತು ನೆಲದ ಹತ್ತಿರ ಉಂಟಲ್ಲ. ಅದಕ್ಕೆ ಯಾವ ಕುದುರೆ?"

"ಮರಿ" ಎಂದೆ.

ಟೀಚರ್ ನನ್ನ ಮುಖ ನೋಡಿದರು. ಹಿರಿಯರ ಮಾತಿಗೆ ಮಕ್ಕಳ ಎದುರು ಅಡ್ಡ ಹೇಳುವುದು ನಮ್ಮಲ್ಲಿ ಇಲ್ಲ. ಅವರ ಆ ಮರ್ಯಾದೆ ನನ್ನ ಸುಳ್ಳಿಗೆ ಪರ್ಮಿಟ್ಟಾಯಿತು.

ಮಕ್ಕಳು ಅದ್ಭುತವಾದ ಚಾರ್ಟು ಮಾಡಿದರು. ರಾಣಿ ಹೋದ ದಾರಿಗೆ ಕೆಂಪು ಗೆರೆ, ತಂಗಿದಲ್ಲೆಲ್ಲ ಕುದುರೆಯ ಚಿತ್ರ. ನನ್ನ ಹಳೆಯ ಬಸ್ಸಿನ ರೂಟನ್ನು ಅಷ್ಟು ಚಂದವಾಗಿ ಯಾರೂ ಬರೆದದ್ದಿಲ್ಲ. ಅದರ ಫೋಟೋ ಮೊಬೈಲಿನ ಊರ ಗ್ರೂಪಿಗೆ ಬಂತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಿದೆ.

ಕೆಲವು ದಿನಗಳಲ್ಲಿ ಕಲ್ಲಿನ ಬುಡದಲ್ಲಿ ಕೇಪುಳ ಹೂ ಕಂಡಿತು. ಮತ್ತೆ ಹಣತೆ. ಊರಿನ ಯುವಕರು ಸುತ್ತ ಸುಣ್ಣ ಬಳಿದು, ಇದು ಕಾರಣಿಕದ ಕಲ್ಲು, ಮಹಿಮೆ ಇರುವಂಥದ್ದು, ಪ್ರಶ್ನೆ ಇಟ್ಟು ನೋಡಬೇಕು, ಇಲ್ಲಿ ಯಾವ ಶಕ್ತಿ ಉಂಟೆಂದು ಜೋಯಿಸರು ಹೇಳಲಿ ಎಂದು ಮಾತಾಡತೊಡಗಿದರು.

ಇಷ್ಟೇ ಆಗಿದ್ದರೆ ನಾನು ಈಗಲೂ ಅಂಗಿಗೆ ಇಸ್ತ್ರಿ ಹಾಕಿಕೊಂಡು ತಿರುಗುತ್ತಿದ್ದೆ. ಆದರೆ ಆ ಓಣಿಯ ಒಳಗಿನ ಮನೆಯ ಯಜಮಾನನಿಗೆ ಪಾರ್ಶ್ವವಾಯು ಬಡಿದಿತ್ತು, ಮೇಲಿಂದ ಡಯಾಲಿಸಿಸ್. ನಮ್ಮೊಳಗೆ ಸಂಬಂಧವೇನೂ ಇಲ್ಲ, ಸಣ್ಣಂದಿನಿಂದ ನಾನು ಅವನನ್ನು ಭಾವ ಎನ್ನುವುದು. ಆಸ್ಪತ್ರೆಗೆ ಹೊರಟಾಗಲೆಲ್ಲ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ರಸ್ತೆಯವರೆಗೆ ಹೊರಬೇಕು. ಕಲ್ಲು ಅಡ್ಡ ಇರುವುದರಿಂದ ರಿಕ್ಷಾ ಒಳಗೆ ಬರುವುದಿಲ್ಲ. ಮಳೆ ಬಿಟ್ಟ ಮೇಲೆ ಕಲ್ಲು ಕಿತ್ತು ದಾರಿ ಅಗಲ ಮಾಡಿಸುವುದೆಂದು ಅವನ ಹೆಂಡತಿ ಜೆಸಿಬಿಯವನಿಗೆ ಹೇಳಿ ಇಟ್ಟಿದ್ದರು. ಅವನು ಬಂದ, ಹೂವು ನೋಡಿದ, ಕೈಮುಗಿದು ಹಿಂದೆ ಹೋದ.

ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನನ್ನ ಅಂಗಳಕ್ಕೆ ಬಂದರು. ಅವರು ಈ ಊರಿಗೆ ಮದುವೆಯಾಗಿ ಬರುವಾಗ ಉಣುಗೋಲು ಹೋಗಿ ಆಗಿತ್ತು.

"ಅಣ್ಣ, ಶಾಲೆಯ ಮಕ್ಕಳಿಗೆ ನೀವೇ ಹೇಳಿದ್ದಂತೆ. ಹೌದಾ ಅದು?"

ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು "ನೋಡುವ ಅಕ್ಕ" ಎಂದೆ. ಕಂಡಕ್ಟರನಾಗಿದ್ದಾಗ ಚಿಲ್ಲರೆ ಕೇಳಿದವರಿಗೂ ಹಾಗೆಯೇ ಹೇಳುತ್ತಿದ್ದೆ.

ಅವರು ಹೋದ ಮೇಲೆ ಹಿತ್ತಿಲಿನಿಂದ ಹೆಂಡತಿಯ ಸ್ವರ ಬಂತು: "ಇಲ್ಲಿ ಬನ್ನಿ, ರಾಣಿಯ ಇನ್ನೊಂದು ಕಲ್ಲಿನ ಮೇಲೆ ನಿಮ್ಮ ಲುಂಗಿ ಒಗೆಯುತ್ತಾ ಇದ್ದೇನೆ. ಒಂದು ಹೂವಾದರೂ ಇಟ್ಟು ಹೋಗಿ."

ಅವಳ ಕಡೆ ತಿರುಗದೆ ನಾನು ಪೇಟೆಗೆ ಹೋದೆ. ಸಂಪನ್ಮೂಲ ವ್ಯಕ್ತಿಗೆ ಪೇಟೆಯಲ್ಲಿ ಈಗ ಚಹಾ ಕೊಟ್ಟು ಮಾತಾಡಿಸುವವರಿದ್ದರು. ಸತ್ಯ ಹೇಳದಿರಲು ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮುಂದಿನ ಸಲ ಭಾವನನ್ನು ಹೊತ್ತು ತರುವಾಗ ನಾನು ರಸ್ತೆಯಲ್ಲಿದ್ದೆ. ಜನ ಸಾಲದೆ ನಾನೂ ಕುರ್ಚಿಗೆ ಕೈ ಹಾಕಿದೆ. ಕುರ್ಚಿಯ ಕಾಲು ಕಲ್ಲಿಗೆ ಸಿಕ್ಕಿ, ಭಾವ ವಾಲಿ, ಅವನ ಮೊಣಕೈ ಕಲ್ಲಿಗೆ ತಾಗಿ ರಕ್ತ ಬಂತು. ಅವನು ಕಲ್ಲನ್ನು ನೋಡಿದ, ನನ್ನನ್ನು ನೋಡಿದ. ಹುಡುಗನಾಗಿದ್ದಾಗ ಬೆಳಿಗ್ಗೆ ಸಂಜೆ ಆ ಗಳು ಎಳೆದು ಹಾಕುತ್ತಿದ್ದವನೇ ಅವನು. ಈಗ ಮಾತು ತೊದಲುತ್ತದೆ, ಆದರೂ ಸ್ಪಷ್ಟವಾಗಿಯೇ ಕೇಳಿತು.

"ನನ್ನನ್ನೂ ಇದಕ್ಕೇ ಕಟ್ಟಿ ಹಾಕಿದಿಯಲ್ಲ ಮಾರಾಯ."

ಅಲ್ಲಿಂದ ಸೀದಾ ಶಾಲೆಗೆ ಹೋದೆ. ತರಗತಿಯಲ್ಲಿ ನಿಂತು, ನಾನು ಹೇಳಿದ್ದು ಪೂರಾ ಸುಳ್ಳು ಎಂದೆ. ಮಕ್ಕಳು ನಗಲಿಲ್ಲ.

"ಮರಿಯೂ ಸುಳ್ಳಾ?" ಎಂದಳು ಆ ಹುಡುಗಿ.

"ಮರಿಯೂ."

ಟೀಚರಿಗೆ ಸಿಟ್ಟು ಬಂದಿತ್ತು. "ಚಾರ್ಟು ತಾಲೂಕಿನ ಪ್ರದರ್ಶನಕ್ಕೆ ಹೋಗಿ ಆಯಿತು ಅಂಕಲ್. ನೀವು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳದೆ ಬರೆಸಿದ್ದು ನನ್ನದೂ ತಪ್ಪು. ಅದನ್ನು ನಾನು ಹೇಗಾದರೂ ಸರಿ ಮಾಡ್ತೇನೆ. ನೀವು ನಿಮ್ಮದನ್ನು ಮಾಡಿ." ಅದೇ ದಿನ ಮಕ್ಕಳನ್ನು ನನ್ನ ಹಿತ್ತಿಲಿಗೆ ಕರೆತಂದು, ಒಗೆಯುವ ಕಲ್ಲಿನ ತೂತುಗಳನ್ನು ದಾರದಿಂದ ಅಳೆಸಿದರು. ಆ ದಾರವನ್ನೇ ಓಣಿಯ ಕಲ್ಲಿಗೆ ಹಿಡಿಸಿದರು. ಅಂತರ ಸರಿಯಾಗಿ ಕೂತಿತು. ಮರುದಿನ ಭಾವನ ಜಗಲಿಗೆ ಹೋಗಿ, ಅವನು ತೊದಲಿದಷ್ಟನ್ನೂ ತಾಳ್ಮೆಯಿಂದ ಬರೆಸಿಕೊಂಡರು. ನನ್ನ ಕಡೆ ಒಬ್ಬರೂ ಪೆನ್ನು ಎತ್ತಲಿಲ್ಲ.

ಇನ್ನು ಊರು. ಯುವಕರನ್ನು ಕಲ್ಲಿನ ಹತ್ತಿರವೇ ಕರೆದು, ಅದು ನಾನು ಕಟ್ಟಿದ ಕಥೆ, ಕಲ್ಲು ತೆಗೆಯುವ ಎಂದೆ. ಅವರಲ್ಲಿ ಒಬ್ಬ ಗಂಭೀರವಾಗಿ ತಲೆಯಾಡಿಸಿದ.

"ನೀವು ಬೇಕೆಂದು ಹೇಳಿದ್ದಲ್ಲ ಅಲ್ವಾ? ಒಮ್ಮೆಲೇ ಬಾಯಿಗೆ ಬಂತು ಅಲ್ವಾ?"

"ಹೌದು."

"ಅದೇ ಅಜ್ಜ ಕಾರಣಿಕ ಅಂದರೆ. ನಿಮ್ಮ ಬಾಯಲ್ಲಿ ಅದು ಹೇಳಿಸಿತು."

ಸುಳ್ಳು ಹೇಳಿದಾಗ ಅರ್ಧ ನಂಬಿದವರು, ಸತ್ಯ ಹೇಳಿದಾಗ ಪೂರ್ತಿ ನಂಬಿದರು. ಮಕ್ಕಳು ದಾರ ತೋರಿಸಿದರು, ಟೀಚರ್ ಬಿಡಿಸಿ ಹೇಳಿದರು. ಕೊನೆಗೆ ಜೆಸಿಬಿಯವನೇ ಒಂದು ಉಪಾಯ ಹೇಳಿದ: "ಮೊದಲು ಇವರು ಮುಟ್ಟಿ ಅಲುಗಾಡಿಸಲಿ. ದೋಷ ಇದ್ದರೆ ಇವರಿಗೆ ಬರಲಿ. ಮತ್ತೆ ನಾನು ಎತ್ತುತ್ತೇನೆ." ಯುವಕರಿಗೂ ಇದು ನ್ಯಾಯವಾಗಿ ಕಂಡಿತು.

ಹಾರೆ ಹಿಡಿದು ಕಲ್ಲಿನ ಎದುರು ನಿಂತೆ. ಅದು ದನದ ಕಲ್ಲು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೇಳಿಬಿಡುತ್ತೇನೆ, ನಾನೇ ಕಟ್ಟಿದ ರಾಣಿಗೆ ನಾನೇ ಮನಸ್ಸಿನಲ್ಲಿ, "ತಪ್ಪಾಯ್ತು ತಾಯಿ, ಸಿಟ್ಟು ಮಾಡಬೇಡ" ಎಂದು ಅಡ್ಡಬಿದ್ದೆ. ಮತ್ತೆ ಬುಡಕ್ಕೆ ಹಾರೆ ಹಾಕಿ ಒತ್ತಿದೆ. ಕಲ್ಲು ಸ್ವಲ್ಪ ಅಲುಗಿತು, ನನ್ನ ಸೊಂಟ ಹೆಚ್ಚು ಅಲುಗಿತು. ಜೆಸಿಬಿಯವನು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಉಳಿದ ಕೆಲಸ ಮುಗಿಸಿದ.

ಸೊಂಟ ನೋವಿನಲ್ಲಿ ನಾನು ಮಲಗಿದೆ. ಊರಿನವರು ಅದನ್ನು ದೋಷ ಎಂದರು. ಪ್ರಾಯ ಎಂದು ನಾನು ಹೇಳಿ ನೋಡಿದೆ, ಯಾರೂ ನಂಬಲಿಲ್ಲ. ಅಕ್ಕ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ನನ್ನ ಹೆಂಡತಿಯ ಹತ್ತಿರ ಮಾತ್ರ ಮಾತಾಡುತ್ತಾರೆ. ಅವರನ್ನು ತಪ್ಪು ಹೇಳಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಭಾವನಿಗೆ ಆಸ್ಪತ್ರೆಯ ದಿನ. ರಿಕ್ಷಾ ಓಣಿಗೆ ತಿರುಗಿ, ನಿಲ್ಲದೆ ಅವರ ಜಗಲಿಯ ಬುಡದವರೆಗೆ ಹೋಯಿತು. ಭಾವ ಅಕ್ಕನ ಹೆಗಲು ಹಿಡಿದು ಒಂದು ಮೆಟ್ಟಿಲು ಇಳಿದ, ಸೀಟಿನಲ್ಲಿ ಕೂತ. ಕುರ್ಚಿ ಜಗಲಿಯಲ್ಲೇ ಉಳಿಯಿತು.