ಸೂಜಿಯಿಲ್ಲದ ಮದ್ದು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಫಿಲೇಚರಿನಲ್ಲಿ ಅವ್ವ ಬಿಸಿನೀರಿನ ಬೇಸಿನ್ನಿಗೆ ಕೈಯಿಟ್ಟು ಗೂಡಿನ ಎಳೆ ಎತ್ತುತ್ತಿದ್ದಳು. ಬಲಗೈ ಮಣಿಕಟ್ಟು ಊದಿ ಎಳೆ ಹಿಡಿಯಲಾಗದೆ ಕೂತಾಗ ಅವಳ ಜಾಗಕ್ಕೆ ನಾನು ಹೋಗಬೇಕಾಯಿತು. ಆಗ ನಾನು ಎರಡನೇ ಪಿಯುಸಿ. ಅವ್ವನ ಕೈ ವಾಸಿಯಾದರೆ ನನಗೆ ಕಾಲೇಜು, ಇಲ್ಲದಿದ್ದರೆ ಬೇಸಿನ್ನೇ ಗತಿ.

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅಲ್ಲೊಬ್ಬ ಅಕ್ಯುಪಂಕ್ಚರ್ ಡಾಕ್ಟರ್ ಬಂದು ಕೂತಿದ್ದ. ಸೂಜಿ ಚುಚ್ಚುತ್ತಾನೆ ಎಂದರೆ ಅವ್ವ ಸುತರಾಂ ಒಪ್ಪಲಿಲ್ಲ. ನೋವಿನ ಹೆದರಿಕೆಯಲ್ಲ. ಹುಳು ಬೆಂದ ನೀರಿಗೆ ಗಾಯದ ಕೈ ಇಟ್ಟರೆ ಕೀವಾಗುತ್ತದೆಂದು ಆ ಕೆಲಸದವರಿಗೆಲ್ಲ ಗೊತ್ತು.

"ಸೂಜಿ ಬೇಡಮ್ಮ, ಲೇಸರ್ ಇದೆ. ತೂತು ಬೀಳಲ್ಲ," ಎಂದ ಡಾಕ್ಟರ್. ಮಣಿಕಟ್ಟಿನ ಮೇಲೆ ಇಂಕಿನ ಚುಕ್ಕಿ ಹಾಕಿ, ಪೆನ್ನಿನಂಥದೊಂದು ತೆಗೆದು ಒಂದೊಂದು ಚುಕ್ಕಿಗೂ ಕೆಂಪು ಬೆಳಕು ಹಿಡಿದ.

"ಬೆಚ್ಚಗೈತೆ ಸಾ, ಹಿತವಾಗೈತೆ," ಎಂದಳು ಅವ್ವ.

"ಇದರಲ್ಲಿ ಬಿಸಿನೇ ಗೊತ್ತಾಗಲ್ಲಮ್ಮ," ಎಂದು ಆತ ನಕ್ಕ.

ಪಕ್ಕದಲ್ಲೇ ಕೂತಿದ್ದ ನನ್ನ ಕಿವಿಯೇನು ಕಿವುಡಾಗಿರಲಿಲ್ಲ.

ಮೂರನೇ ಸಲ ಹೋಗಿ ಬಂದ ದಿನ ಬಸ್ಸಿಳಿಯುತ್ತಲೇ ಅವ್ವ, "ನೋವು ಹೊಂಟೋಯ್ತು ಕಣೆ. ನಾಳೆಯಿಂದ ನಾನೇ ಕೆಲ್ಸಕ್ ಹೋಯ್ತೀನಿ, ನೀನು ಕಾಲೇಜಿಗೆ ನಡಿ," ಅಂದಳು. ಎಲ್ಲಿ, ಕೈ ತೋರಿಸು ಎಂದು ನಾನು ಕೇಳಲಿಲ್ಲ. ಮನೆಗೆ ಓಡಿ ಪುಸ್ತಕದ ಧೂಳು ಕೊಡವಿದೆ. ಥೂ, ಆ ಸಂತೋಷಕ್ಕೆ ಬೆಂಕಿ ಹಾಕ!

ಎಷ್ಟೋ ವರ್ಷ ಆ ಡಾಕ್ಟರನ್ನೇ ಬೈದೆ. ಅವನ ಬೆಳಕಿಗೆ ಶಕ್ತಿಯಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆದರೆ ವಾಸಿಯಾಗುವ ತನಕ ಕೈಗೆ ಕೆಲಸ ಕೊಡಬೇಡಿ ಅಂತ ಮೂರು ಸಲವೂ ಹೇಳಿದ್ದ. ಅದನ್ನೂ ನಾನು ಕೇಳಿಸಿಕೊಂಡಿದ್ದೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರೆಕಾರ್ಡ್ ಪುಸ್ತಕ ಮರೆತು ಅರ್ಧ ದಾರಿಯಿಂದ ಮನೆಗೆ ವಾಪಸಾದೆ. ಜಗಲಿಯಲ್ಲಿ ಪಕ್ಕದ ಮನೆಯ ಅಕ್ಕ ಅವ್ವನ ತಲೆ ಬಾಚುತ್ತಿದ್ದಳು. ಅವ್ವನ ಬಲಗೈ ಊದಿಕೊಂಡು ಮಡಿಲಲ್ಲಿ ಬಿದ್ದಿತ್ತು.

"ದಿನಾ ನಾನೇ ಬಾಚೋದು ಕಣೆ. ನಿಮ್ಮವ್ವಂಗೆ ಬಾಚಣಿಗೆ ಹಿಡಿಯಕ್ಕೆ ಎಲ್ಲಾಯ್ತದೆ?" ಎಂದಳು ಆ ಅಕ್ಕ.

ಅವ್ವ ನನ್ನ ಮುಖ ನೋಡಲಿಲ್ಲ. "ಎಡಗೈಲಿ ಎಳೆ ಎತ್ತೋದು ಒಸಿ ರೂಢಿ ಆಗೈತೆ. ನಿನ್ ಪರೀಕ್ಷೆ ಮುಗೀಲಿ ಕಣವ್ವ," ಅಂದಳು.

ನಾನು ಅತ್ತೆ. ಬಾಚಣಿಗೆ ಇಸಿದುಕೊಂಡು ಅವ್ವನ ತುರುಬು ಕಟ್ಟಿದೆ. ಆಮೇಲೆ ರೆಕಾರ್ಡ್ ಪುಸ್ತಕ ಹುಡುಕಿ ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೋದೆ. ಮರುದಿನವೂ ಹೋದೆ.