ಒಂದೂ ಮೊಳೆಯಿಲ್ಲದ ಮಂಚ

ಏಣಿಯಜ್ಜಿ ಮಲಗಿದ್ದಾರೆ. ಬೀದಿದೀಪಗಳು ಇನ್ನೂ ಆರಿಲ್ಲ. ಸಾಲು ಅಂಗಡಿಗಳ ಹಿಂದಿನ ಈ ತಗಡಿನ ಶೆಡ್ಡಿನಲ್ಲಿ ಹೊಸ ಮರದ ವಾಸನೆ, ಕಾಲಿಟ್ಟಲ್ಲೆಲ್ಲ ಹೊಟ್ಟು. ಮಕ್ಕಳ ಬಂಕ್ ಬೆಡ್ಡಿನ ಮೇಲಿನ ಮಂಚದಲ್ಲಿ ಅವರು ಕಣ್ಣು ಮುಚ್ಚಿ ನೆಟ್ಟಗೆ ಬಿದ್ದುಕೊಂಡಿದ್ದಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನನ್ನನ್ನು ಕೋಳಿ ಕೂಗುವ ಮೊದಲೇ ಬರಹೇಳಿ ತಾವು ನೋಡಿದರೆ ಹೀಗೆ! ನನಗೋ ಬೇಗ ಏಳುವುದೆಂದರೆ ಅಷ್ಟಕ್ಕಷ್ಟೇ, ಒಳಗೊಳಗೇ ಸಿಟ್ಟು ಬರುತ್ತದೆ. ಅಷ್ಟರಲ್ಲಿ ಅವರು ಎಡಕ್ಕೆ ಉರುಳಿ ಬೀಳದಂತೆ ತಡೆಯುವ ಅಡ್ಡಪಟ್ಟಿಯನ್ನು ಭುಜದಿಂದ ಗುದ್ದುತ್ತಾರೆ. ಬಲಕ್ಕೆ ಉರುಳಿ ಇನ್ನೊಮ್ಮೆ ಗುದ್ದುತ್ತಾರೆ. ಮಂಚ ಕಿರ್ರೆನ್ನುತ್ತದೆ.

"ಕೇಳಿಸ್ತಾ? ಆ ಮೂಲೆ ಬೋಲ್ಟು ಸಡಿಲ ಇದೆ" ಎನ್ನುತ್ತಾರೆ, ಕಣ್ಣು ತೆರೆಯದೆಯೇ. "ಮಲಗಿದ್ರೇನೇ ಗೊತ್ತಾಗೋದು ಕಣಮ್ಮಾ. ನಿಂತ್ಕೊಂಡು ನೋಡಿದ್ರೆ ಎಲ್ಲಾ ಮಂಚಾನೂ ಚೆನ್ನಾಗೇ ಇರುತ್ತೆ."

ಮಲಗುವುದಕ್ಕೆ ಕೆಲಸ ಎಂಬ ಮರ್ಯಾದೆ ಇರುವ ಕಸುಬನ್ನು ನಾನು ಕಂಡದ್ದು ಇದೇ ಮೊದಲು. ಮೊದಲೇ ಗೊತ್ತಿದ್ದರೆ ನಾನೂ ಇದನ್ನೇ ಕಲಿಯುತ್ತಿದ್ದೆ. ಹಾಗೆಂದರೆ ಅಜ್ಜಿ ನಗುತ್ತಾರೆ. ಅರವತ್ತು ದಾಟಿದ ಮೈಯನ್ನು ನಿಧಾನಕ್ಕೆ ತಿರುಗಿಸಿ, ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಾರೆ. ಸೆರಗು ಕೊಡವಿ, ಸ್ಪ್ಯಾನರ್ ಹುಡುಕುತ್ತಾರೆ.

ಇವರು ಬಡಗಿ. ಹೊಸ ಬಂಕ್ ಬೆಡ್ ಮಾಡುತ್ತಾರೆ, ಹಳೆಯದನ್ನು ಸರಿಪಡಿಸುತ್ತಾರೆ, ಬೇರೆಲ್ಲೋ ಕೊಂಡದ್ದನ್ನು ಕರೆದರೆ ಬಂದು ನೋಡಿ, ಬೇಡವಾದರೆ ಬೇಡ ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತಾರೆ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಸುತ್ತಮುತ್ತಲ ಬೀದಿಗಳ ಮಕ್ಕಳಿಗೂ ಮಕ್ಕಳ ಅಪ್ಪ ಅಮ್ಮಂದಿರಿಗೂ ಅವರು ಏಣಿಯಜ್ಜಿ.

ಆ ಹೆಸರು ಬಂದದ್ದು ಅವರ ಪಾಠದಿಂದ. ಯಾರ ಮನೆಯಲ್ಲಿ ಮಂಚ ಜೋಡಿಸಿದರೂ ಮಕ್ಕಳನ್ನು ಕರೆದು ನಿಲ್ಲಿಸುತ್ತಾರೆ. "ಹತ್ತೋದು ಯಾರಿಗೆ ಬರಲ್ಲ? ಬೆಕ್ಕಿನ ಮರೀಗೂ ಬರುತ್ತೆ. ಇಳಿದು ತೋರಿಸು ನೋಡೋಣ" ಎನ್ನುತ್ತಾರೆ. ಮಕ್ಕಳು ಮೆಟ್ಟಿಲಿಳಿಯುವಂತೆ ಏಣಿಗೆ ಬೆನ್ನು ಮಾಡಿ ಇಳಿಯಲು ಹೊರಟರೆ ಶುರು ಇವರ ಗದರಿಕೆ. "ಏಣಿಗೆ ಬೆನ್ನು ತೋರಿಸಬಾರದು, ಅದಕ್ಕೆ ಕೋಪ ಬರುತ್ತೆ!" ಸರಿಯಾಗಿ ಇಳಿಯಲು ಬಂದ ಮೇಲೆ ಕಣ್ಣು ಮುಚ್ಚಿಸಿ ಇಳಿಸುತ್ತಾರೆ, ತಾವು ಕೆಳಗೆ ಕೈ ಚಾಚಿ ನಿಂತಿರುತ್ತಾರೆ. ನಿದ್ದೆಗಣ್ಣಿನಲ್ಲಿ ಬಚ್ಚಲಿಗೆ ಓಡುವ ಮಗು ಕಣ್ಣು ಬಿಟ್ಟಿರುತ್ತದೆಯೇ ಎಂಬುದು ಅವರ ಪ್ರಶ್ನೆ. ಹಾಗಂತ ಏಣಿಯ ಹತ್ತಿರ ಸಣ್ಣ ದೀಪ ಹಾಕಿಸದೆ ಆ ಮನೆಯಿಂದ ಹೊರಡುವುದೂ ಇಲ್ಲ.

ನಾವೆಲ್ಲ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತೇವೆ. ಇವರು ನೋಡುವುದು ಛಾವಣಿಯನ್ನು. ಫ್ಯಾನ್ ಎಲ್ಲಿದೆ, ಮೇಲಿನ ಮಂಚದಲ್ಲಿ ಮಗು ಎದ್ದು ಕೂತರೆ ತಲೆ ಎಲ್ಲಿಗೆ ಬರುತ್ತದೆ ಎಂಬ ಲೆಕ್ಕ. ಒಂದು ಮನೆಯಲ್ಲಿ ಯಜಮಾನರು ಗಾಳಿ ಚೆನ್ನಾಗಿ ಬರಲಿ ಎಂದು ಮಂಚವನ್ನು ಫ್ಯಾನಿನ ಕೆಳಗೇ ಹಾಕಿಸಿ ಬೀಗುತ್ತಿದ್ದರಂತೆ. "ಗಾಳಿಯೇನೋ ಬರುತ್ತೆ ಸ್ವಾಮಿ, ಕೈಯೂ ಹೋಗುತ್ತೆ" ಎಂದು ಇವರು ತಾವೇ ಮಂಚ ಎಳೆಯಲು ನಿಂತರಂತೆ.

ಮೇಲಿನ ಮಂಚಕ್ಕೆ ದಪ್ಪನೆಯ ಹಾಸಿಗೆ ಕಂಡರಂತೂ ಇವರಿಗೆ ಉರಿಯುತ್ತದೆ. ಹಾಸಿಗೆ ದಪ್ಪವಾದಷ್ಟೂ ಅಡ್ಡಪಟ್ಟಿ ಗಿಡ್ಡವಾಗುತ್ತದೆ. ಹಾಸಿಗೆ ಹಾಸಿದ ಮೇಲೂ ಪಟ್ಟಿ ಒಂದು ಗೇಣು ಎದ್ದು ನಿಂತಿರಬೇಕು ಎನ್ನುವುದು ಅವರ ಹಟ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ದೊಡ್ಡವರು. ಪಟ್ಟಿ ಇದ್ದಷ್ಟು ಹಾಸಿಗೆ ಹಾಸು ಅಂತೀನಿ ನಾನು." ಗೋಡೆಯ ಕಡೆಗೂ ಪಟ್ಟಿ ಬೇಕು. ಗೋಡೆಯೇ ಇದೆಯಲ್ಲ ಎಂದವರಿಗೆ, ಮಂಚ ಸ್ವಲ್ಪ ಸರಿದರೆ ಮಗು ಆ ಸಂದಿಯೊಳಗೆ ಇಳಿಯುತ್ತದೆ ಎಂದು ವಿವರಿಸುತ್ತಾರೆ. ಆರು ತುಂಬದ ಮಗುವಿಗೆ ಮೇಲಿನ ಮಂಚ ಕೇಳಿಕೊಂಡು ಬಂದವರನ್ನು, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡಿ" ಎಂದು ಚಹಾ ಕುಡಿಸಿ ವಾಪಸ್ ಕಳಿಸುತ್ತಾರೆ.

ಅಳತೆ ಪಟ್ಟಿ ಚೀಲದಲ್ಲಿದ್ದರೂ ಪಟ್ಟಿಗಳ ನಡುವಿನ ಸಂದನ್ನು ಅವರು ಮುಷ್ಟಿಯಿಂದಲೇ ನೋಡುವುದು. ಮುಷ್ಟಿ ತೂರಿದರೆ ಆ ಮಂಚ ನಪಾಸು. ಯಾಕೆಂದು ಕೇಳಿದಾಗ ಮಾತ್ರ ಅವರ ದನಿ ಇಳಿಯುತ್ತದೆ. "ಮಗು ಮೈ ತೂರುತ್ತೆ, ತಲೆ ತೂರಲ್ಲ. ಕಾಲು ಕಡೆಯಿಂದ ಜಾರಿದ್ರೆ ಕುತ್ತಿಗೆ ಸಿಕ್ಕಾಕ್ಕೊಳ್ಳುತ್ತೆ. ಹೇಳೋಕೆ ಸಂಕಟ ಆಗುತ್ತೆ. ಹೇಳದೇ ಇದ್ರೆ ನಿದ್ದೆ ಬರಲ್ಲ."

ಈ ಕಸುಬು ಅಪ್ಪನದು. ಅಪ್ಪನ ವಿಷಯ ಬಂದರೆ ಅಜ್ಜಿಯ ಕೈಯಲ್ಲಿರುವ ಉಳಿ ತಾನಾಗಿ ನಿಲ್ಲುತ್ತದೆ. ಎರಡೇ ಕೋಣೆಯ ಮನೆ, ಒಂದೇ ಮಂಚ, ಅದರ ಮೇಲೆ ಅಕ್ಕ ತಂಗಿ ಇಬ್ಬರ ಒದ್ದಾಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಜಗಳ ಬಿಡಿಸಿ ಬಿಡಿಸಿ ಸಾಕಾದ ಅಪ್ಪ, ಯಾವುದೋ ಅಂಗಡಿ ಕೆಡವಿದಾಗ ಸಿಕ್ಕ ಹಳೇ ಬಾಗಿಲುಗಳಿಂದ ಒಂದರ ಮೇಲೊಂದು ಮಂಚ ಕಟ್ಟಿದರು. ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ್ದರು, ಒಂದೂ ಮೊಳೆ ಬಳಸದೆ. ಮನೆಗೆ ಯಾರು ಬಂದರೂ, "ಹುಡುಕಿ ಸ್ವಾಮಿ, ಒಂದು ಮೊಳೆ ಸಿಕ್ಕಿದ್ರೆ ಮಂಚಾನೇ ಕೊಟ್ಬಿಡ್ತೀನಿ" ಎಂದು ಸವಾಲು. ಬಂದವರು ಬಗ್ಗಿ, ಮಲಗಿ, ತಡವಿ ಹುಡುಕುವಾಗ ಅಕ್ಕ ತಂಗಿಗೆ ಎದೆ ಡವಡವ. ಎಲ್ಲಿ ಸಿಕ್ಕಿಬಿಡುತ್ತದೋ ಎಂದು!

ಮೇಲೆ ಅಕ್ಕ, ಅಂದರೆ ಈಗಿನ ಏಣಿಯಜ್ಜಿ, ಕೆಳಗೆ ತಂಗಿ. ಕಿಟಕಿ ಕಾಣಲಿ ಎಂದು ತಂಗಿ ತಲೆದಿಂಬು ಬಿಟ್ಟು, ತಲೆಯನ್ನು ಕಾಲಿನ ಕಡೆ ಹಾಕಿ ಮಲಗುತ್ತಿದ್ದಳು. ದೀಪ ಆರಿದ ಮೇಲೆ ಕೆಳಗಿನಿಂದ ಅಕ್ಕನ ಹಲಗೆಗೆ ಕಾಲಿನಿಂದ ಎರಡು ಗುದ್ದು. ಎದ್ದಿದ್ದೀಯಾ ಎಂದು ಅದರ ಅರ್ಥ. ಎದ್ದಿದ್ದರೆ ಅಕ್ಕ ಪಟ್ಟಿಯ ಸಂದಿಯಿಂದ ಕೈ ಇಳಿಬಿಡಬೇಕು. ತಂಗಿ ಆ ಕೈ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದಳು. "ನನ್ನ ಕೈ ಜೋಮು ಹಿಡಿದು ಮರಗಟ್ಟಿ ಹೋಗ್ತಿತ್ತು. ಎಳ್ಕೊಂಡ್ರೆ ಅವಳು ಏಳ್ತಾಳೆ, ಬಿಟ್ರೆ ನನಗೆ ನೋವು. ಈಗ ನೆನೆಸ್ಕೊಂಡ್ರೆ, ಎಷ್ಟು ಸುಖವಾಗಿತ್ತಪ್ಪಾ ಅನ್ಸುತ್ತೆ."

ಅಪ್ಪನ ಕೈ ನಡುಗಲು ಶುರುವಾದಾಗ ಅಕ್ಕ ಉಳಿ ಹಿಡಿದರು. ಬಂದ ಗಿರಾಕಿಗಳು, "ಕೆಲಸದವರು ಯಾರೂ ಇಲ್ವಾ?" ಎಂದು ಇವರ ಹೆಗಲಾಚೆ ನೋಡುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದರೆ, "ಕೇಳೋಕೆ ಬಂದವರಿಗೆಲ್ಲ ಮಂಚ ಮಾಡಿಕೊಟ್ಟು ಕಳಿಸ್ದೆ" ಎಂದು ನಗುತ್ತಾರೆ. ಆಮೇಲೊಮ್ಮೆ ನೆರೆಮನೆಯ ತಾಯಿಯೊಬ್ಬಳು, ಮೇಲಿನ ಮಂಚದಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ ಮಗನನ್ನು ಕರೆದುಕೊಂಡು, ಆ ಮಂಚ ಕತ್ತರಿಸಿ ಎರಡು ಮಾಡಿಕೊಡಿ ಎಂದು ಅಳುತ್ತಾ ಬಂದಳು. ಅಂದಿನಿಂದ ಬಂಕ್ ಬೆಡ್ ಬಿಟ್ಟು ಬೇರೆ ಕೆಲಸ ಇವರ ತಲೆಗೇ ಹೋಗಲಿಲ್ಲ.

ಇಷ್ಟು ಹೇಳಿ ಅಜ್ಜಿ ಚೀಲ ಹೆಗಲಿಗೇರಿಸುತ್ತಾರೆ. "ಬಾ, ತಂಗಿ ಮನೆಗೆ ಹೋಗಬೇಕು. ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನೀನಿದ್ರೆ ಮೂರನೆಯವರೆದುರು ಸ್ವಲ್ಪ ಮರ್ಯಾದೆಯಾಗಿ ಬೈತಾಳೆ."

ದಾರಿಯಲ್ಲಿ ವಿಷಯ ತಿಳಿಯುತ್ತದೆ. ಹೊಲಿಗೆ ಕೆಲಸದ ತಂಗಿಯ ಮನೆಗೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ತನ್ನಿಬ್ಬರು ಮಕ್ಕಳೊಂದಿಗೆ ಬಂದು ಸೇರಿದ್ದಾಳೆ. ಹುಡುಗಿಗೆ ಎಂಟು, ಹುಡುಗನಿಗೆ ನಾಲ್ಕು. ಅಟ್ಟದಲ್ಲಿ ಬಿಚ್ಚಿಟ್ಟಿದ್ದ ಅಪ್ಪನ ಮಂಚವನ್ನು ತಂಗಿ ಇಳಿಸಿದ್ದಾರೆ, ಅಕ್ಕ ಹೋಗಿ ಜೋಡಿಸಿದ್ದಾರೆ. ಜೋಡಿಸಿದ ಮೇಲೆ ಮುಷ್ಟಿ ಹಾಕಿ ನೋಡಿದರೆ ಪಟ್ಟಿಗಳ ಸಂದಿಯಲ್ಲಿ ಮೊಣಕೈವರೆಗೂ ಹೋಗಿದೆ. ಮೇಲಿನ ಹಾಸಿಗೆ ಹೊರುವ ಹಲಗೆಗಳು ಕಚ್ಚಿನಲ್ಲಿ ಸುಮ್ಮನೆ ಕೂತಿವೆ, ಬಿಗಿಯಿಲ್ಲ. ಸ್ಕ್ರೂ ಹೊಡೆಯಬೇಕು, ನಡುವೆ ಇನ್ನೊಂದು ಪಟ್ಟಿ ಹಾಕಬೇಕು ಎಂದಿದ್ದಾರೆ ಅಕ್ಕ. ಅಪ್ಪನ ಮಂಚಕ್ಕೆ ಮೊಳೆ ಹೊಡೆಯುವುದಾದರೆ ನನ್ನ ಹೊಸಿಲು ತುಳಿಯಬೇಡ ಎಂದಿದ್ದಾರೆ ತಂಗಿ. ಊರಿಗೆಲ್ಲ ಏಣಿಯಜ್ಜಿಯಾದರೂ ಹಿತ್ತಲ ಗಿಡ ಮದ್ದಲ್ಲ ನೋಡಿ. ಮಕ್ಕಳು ಇವತ್ತಿನಿಂದ ಅದರಲ್ಲಿ ಮಲಗುವುದೆಂದು ತೀರ್ಮಾನವಾಗಿದೆ.

ತಂಗಿಯ ಮನೆಯ ಒಳಕೋಣೆಯಲ್ಲಿ ಮಂಚ ನಿಂತಿದೆ. ನಿಜ ಹೇಳುತ್ತೇನೆ, ನನಗೂ ಕಣ್ಣು ಕೀಳಲಾಗುವುದಿಲ್ಲ. ಕಂದು ತಿರುಗಿದ ಮರ, ಎಷ್ಟೋ ಕೈ ಸವರಿ ನುಣುಪಾದ ಕಂಬಗಳು. ಕೆಳಗಿನ ಮಂಚದಲ್ಲಿ ಹುಡುಗನ ಪುಟ್ಟ ತಲೆದಿಂಬು ಆಗಲೇ ಬಂದು ಕೂತಿದೆ. ಅವನು ಮಾತ್ರ ನನಗೆ ಮೇಲೇ ಬೇಕು ಎಂದು ಮೂತಿ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.

ತಂಗಿ ಮಾತಾಡುವುದು ನನ್ನ ಜೊತೆ, ಕೇಳಿಸಬೇಕಾದದ್ದು ಅಕ್ಕನಿಗೆ. "ನೀವೇ ಹೇಳಿಮ್ಮಾ. ನಾವಿಬ್ರೂ ಇದರಲ್ಲೇ ಮಲಗಿ ದೊಡ್ಡವರಾಗ್ಲಿಲ್ವಾ? ನಮಗೇನಾಯ್ತು? ನಮ್ಮಪ್ಪನಿಗೆ ಗೊತ್ತಿಲ್ದೇ ಇರೋದು ಇವಳಿಗೆ ಗೊತ್ತಾ?"

ಈ ಮಾತನ್ನು ಏಣಿಯಜ್ಜಿ ಎಷ್ಟೋ ಮನೆಗಳಲ್ಲಿ ಕೇಳಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ. ಇಲ್ಲಿ ಮಾತ್ರ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಅಪ್ಪನ ಹೆಸರೆತ್ತಿದ ಮೇಲೆ ಏನೆಂದು ವಾದಿಸುವುದು?

"ಹತ್ತೇ ಮೇಲೆ" ಎನ್ನುತ್ತಾರೆ ತಂಗಿ ಕೊನೆಗೆ, ನೇರವಾಗಿ ಅಕ್ಕನಿಗೇ. "ನೀನು ಮೇಲೆ ಮಲಗು, ನಾನು ಕೆಳಗೆ. ಇವರೂ ನೋಡಲಿ, ಎಷ್ಟು ಗಟ್ಟಿ ಇದೆ ಅಂತ."

ಅಕ್ಕ ಹತ್ತುತ್ತಾರೆ. ತಂಗಿ ಮೊಮ್ಮಗನ ತಲೆದಿಂಬು ಬಿಟ್ಟು, ಚಿಕ್ಕಂದಿನ ಹಾಗೆಯೇ ತಲೆಯನ್ನು ಕಾಲಿನ ಕಡೆ ಹಾಕಿ ಮಲಗುತ್ತಾರೆ. ಆಮೇಲೆ ತಂಗಿ ಸೀರೆ ಸರಿಮಾಡಿಕೊಂಡು, ನಾಚಿ ನಗುತ್ತಾ, ಕಾಲೆತ್ತಿ ಮೇಲಿನ ಹಲಗೆಗೆ ಎರಡು ಗುದ್ದು ಗುದ್ದುತ್ತಾರೆ.

ಮೇಲಿನಿಂದ ಕೈ ಇಳಿಯುತ್ತದೆ. ಅದರ ಜೊತೆಗೇ ಹಲಗೆಯೂ ಇಳಿಯುತ್ತದೆ. ಕಚ್ಚಿನಿಂದ ಚಿಮ್ಮಿ, ಅಕ್ಕನ ಹಾಸಿಗೆ ಗುಳಿ ಬಿದ್ದು, ದಪ್ಪ ಹಲಗೆಯ ತುದಿ ದಢಾರೆಂದು ಬಂದು ಕೂರುವುದು ಆ ಪುಟ್ಟ ತಲೆದಿಂಬಿನ ನಟ್ಟನಡುವೆ.

ತಂಗಿ ಆಗಲೇ ಕಾಲು ಎಳೆದುಕೊಂಡಿದ್ದಾರೆ, ಯಾರಿಗೂ ಪೆಟ್ಟಾಗಿಲ್ಲ. ತಂಗಿ ಎದ್ದು ಕೂತು ಆ ತಲೆದಿಂಬನ್ನೇ ನೋಡುತ್ತಾರೆ. ಬಾಗಿಲಲ್ಲಿದ್ದ ಮೊಮ್ಮಗನನ್ನು ಎಳೆದು ಎದೆಗವಚಿಕೊಳ್ಳುತ್ತಾರೆ. "ಆಗೆಲ್ಲ ನಾನು ದಿನಾ ಗುದ್ತಿದ್ನಲ್ಲೇ ಅಕ್ಕಾ... ಒಂದ್ಸಲಾನೂ ಬಿದ್ದಿರಲಿಲ್ವಲ್ಲೇ..."

ಅಕ್ಕ ಏಣಿಗೆ ಮುಖ ಮಾಡಿ ಇಳಿದು ಬಂದು ಪಕ್ಕದಲ್ಲಿ ಕೂರುತ್ತಾರೆ. "ಬೀಳ್ತಿರಲಿಲ್ಲ, ಜಾರ್ತಿತ್ತು. ಬೆಳಗಾಗೋ ಮುಂಚೆ ಅಪ್ಪ ಬಂದು ಒಂದೊಂದೇ ಹಲಗೆ ತಡವಿ, ಜಾರಿದ್ದನ್ನ ಕೂರಿಸಿ ಹೋಗ್ತಿದ್ರು. ದಿನಾ. ನೀನು ನಿದ್ದೇಲಿರ್ತಿದ್ದೆ. ನಾನು ಮೇಲಿಂದ ಕಳ್ಳಗಣ್ಣಲ್ಲಿ ನೋಡ್ತಿದ್ದೆ. ಯಾರಿಗೂ ಹೇಳ್ಬೇಡ ಅಂತ ಬಾಯಿ ಮೇಲೆ ಬೆರಳಿಟ್ಟು ತೋರಿಸೋರು."

ತಂಗಿ ಬಿದ್ದ ಹಲಗೆಯ ತುದಿಯನ್ನು ಬೆರಳಿನಿಂದ ತಡವುತ್ತಾರೆ.

"ಮೊಳೆ ಇರಲಿಲ್ಲ, ನಿಜ ಕಣೇ. ಅಪ್ಪ ಇದ್ರು."

ತಂಗಿ ಅಳುತ್ತಾರೆ, ಜೋರಾಗಿಯೇ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಕ್ಕನ ತೋಳಿಗೆ ಗುದ್ದುತ್ತಾರೆ. "ಹೇಳ್ಬೇಡ ಅಂದಿದ್ರಲ್ಲ" ಎಂದು ಅಕ್ಕನೂ ಮೂಗು ಒರೆಸಿಕೊಳ್ಳುತ್ತಾರೆ. ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ, ಬರೆಯಲು ಬಂದವಳು ಅಳಬಾರದಲ್ಲ.

ಆಮೇಲಿನ ಕೆಲಸ ಮಧ್ಯಾಹ್ನದವರೆಗೆ ನಡೆಯುತ್ತದೆ. ತಂಗಿ ಹಲಗೆ ಒತ್ತಿ ಹಿಡಿಯುತ್ತಾರೆ, ಅಕ್ಕ ಸ್ಕ್ರೂ ತಿರುಗಿಸುತ್ತಾರೆ. ಮೊದಲನೆಯದು ಅಪ್ಪನ ಮರಕ್ಕೆ ಇಳಿಯುವಾಗ ಇಬ್ಬರೂ ಉಸಿರು ಬಿಗಿಹಿಡಿದದ್ದು ನನಗೆ ಕಾಣುತ್ತದೆ. ಮೇಲಿನ ಮಂಚದ ಎರಡೂ ಬದಿಯ ಪಟ್ಟಿಗಳ ನಡುವೆ ಹೊಸ ಪಟ್ಟಿ ಬೀಳುತ್ತದೆ, ಮುಷ್ಟಿ ಈಗ ತೂರುವುದಿಲ್ಲ. ಹಳೇ ಕಂದು ಮರದ ನಡುವೆ ಬಿಳಿಚಿಕೊಂಡಿರುವ ಆ ಪಟ್ಟಿಗೆ ಬಣ್ಣ ಹಚ್ಚಲೇ ಎಂದು ಅಕ್ಕ ಕೇಳಿದರೆ, "ಬೇಡ ಬಿಡು. ಅದು ನಿನ್ನದು ಅಂತ ಗೊತ್ತಾಗಲಿ" ಎನ್ನುತ್ತಾರೆ ತಂಗಿ.

ಹುಡುಗಿ ಕಣ್ಣು ಮುಚ್ಚಿ ಇಳಿಯುವ ಪರೀಕ್ಷೆ ಪಾಸಾಗಿ ಮೇಲೇರುತ್ತಾಳೆ. ಆರು ತುಂಬುವವರೆಗೆ ನಿನ್ನದು ಕೆಳಗಿನದೇ ಎಂಬ ತೀರ್ಪು ಕೇಳಿ ಹುಡುಗನ ಕಣ್ಣಲ್ಲಿ ನೀರು. ಏಣಿಯಜ್ಜಿ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾರೆ. ಅವನು ಮಲಗಿ, ಕಾಲೆತ್ತಿ, ಎರಡು ಗುದ್ದು ಕೊಡುತ್ತಾನೆ. ಹಲಗೆ ಮಿಸುಕುವುದಿಲ್ಲ.

"ಇನ್ನೂ ಜೋರಾಗಿ ಗುದ್ದೋ" ಎನ್ನುತ್ತಾರೆ ಏಣಿಯಜ್ಜಿ.

ಹುಡುಗ ಹಲ್ಲು ಕಚ್ಚಿ ಗುದ್ದುತ್ತಾನೆ. ಏನೂ ಅಲ್ಲಾಡುವುದಿಲ್ಲ. ಮೇಲಿನ ಪಟ್ಟಿಯ ಮೇಲಿನಿಂದ ಅವನಕ್ಕನ ನಗುವಿನ ಜೊತೆ ಪುಟ್ಟ ಕೈಯೊಂದು ಇಳಿಯುತ್ತದೆ, ಅವನು ಗಬಕ್ಕನೆ ಹಿಡಿದುಕೊಳ್ಳುತ್ತಾನೆ.

ಚೀಲ ಕಟ್ಟುತ್ತಿರುವ ಏಣಿಯಜ್ಜಿಯನ್ನು, ನಮ್ಮ ಪತ್ರಿಕೆಯವರ ರೂಢಿಯಂತೆ, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಅವರು ಮಂಚದ ಕಂಬವನ್ನೊಮ್ಮೆ ಅಂಗೈಯಿಂದ ಸವರುತ್ತಾರೆ.

"ನನಗೇನಮ್ಮಾ ಆಸೆ. ಅಪ್ಪನ ಹಾಗೆ ದಿನಾ ಬೆಳಗ್ಗೆ ಮನೆಮನೆಗೂ ಹೋಗಿ ಹಲಗೆ ಕೂರಿಸೋಕೆ ನನ್ನ ಕೈಲಾಗುತ್ತಾ? ನಾನು ಇಲ್ಲದೇ ಇರೋ ದಿನಾನೂ ಮಕ್ಕಳು ಹೀಗೇ ಗುದ್ದಬೇಕು. ಏನೂ ಆಗಬಾರದು."